ಬೆನ್ನ ಮೇಲಿನ ಹೆಸರು

ಜೂನ್ 2, ಭಾನುವಾರ. ಬೆಳಿಗ್ಗೆ 10.40

ಮೊಣಕಾಲಿಗೆ ಐಸ್. ಸಾಕ್ಸ್ ಬಕೆಟ್ಟಿನಲ್ಲಿ. ಇವತ್ತೂ ಸೋತೆವು, 4–1. ಎಡಗಾಲಿನ ಬೂಟು ಮತ್ತೆ ಬಾಯಿ ಬಿಟ್ಟಿದೆ. ಅಂಟು ಹಾಕಿ, ಮೇಲೊಂದು ಇಟ್ಟಿಗೆ ಹೇರಿ ಕಿಟಕಿಯಲ್ಲಿ ಇಟ್ಟಿದ್ದೇನೆ. ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನಿಂದ ತಂದ ಅಂಟು. ಹಲ್ಲನ್ನೇ ಹಿಡಿದಿಡುತ್ತದೆ, ಬೂಟು ಯಾವ ಮಹಾ.

ಆಟ ಮುಗಿದು ಗೋಡೆಗೆ ಒರಗಿ ಕೂತಾಗ ಮತ್ತೆ ಅದೇ ಪುರಾಣ — ಯಾರು ಯಾರ ಥರ ಆಡುತ್ತಾರೆ. ಮೆಡಿಕಲ್ ಶಾಪಿನವನು ತಾನು ಮೆಸ್ಸಿ ಎಂದ. ಎಡಗಾಲಲ್ಲಿ ಒದೆಯುತ್ತಾನೆ, ಹೋಲಿಕೆ ಅಷ್ಟೇ. ಅವನಿಗಿಂತ ಅವನ ಹೊಟ್ಟೆ ಎರಡು ಹೆಜ್ಜೆ ಮುಂದೆ ಓಡುತ್ತದೆ. ಬ್ಯಾಂಕಿನ ಕ್ಯಾಷಿಯರ್ ಪಿರ್ಲೋ ಅಂತೆ. 'ಪಿರ್ಲೋ ಎಲ್ಲಿ ಓಡ್ತಿದ್ದ? ಚೆಂಡನ್ನ ಓಡಿಸ್ತಿದ್ದ.' ಅದಕ್ಕೆ ಕ್ಯಾಪ್ಟನ್, 'ನೀನು ಚೆಂಡನ್ನೂ ಓಡ್ಸಲ್ಲ ಕಣೋ' ಎಂದ. ಕ್ಯಾಪ್ಟನ್ ಇಲೆಕ್ಟ್ರಿಷಿಯನ್, ತಲೆ ಬೋಳು. ಆದ್ದರಿಂದ ಜಿದಾನ್. ಹೆತ್ತವರಿಗೆ ಹೆಗ್ಗಣ ಮುದ್ದು.

ಸುತ್ತು ನನ್ನ ತನಕ ಬಂತು. ಎಲ್ಲರೂ ನನ್ನ ಮುಖ ನೋಡಿದರು. 'ಇವನು... ಇವನು ಯಾರ ಥರ ಅಪ್ಪ...' ಎಂದ ಕ್ಯಾಪ್ಟನ್. ಆಮೇಲೆ ನೀರಿನ ಬಾಟಲಿ ಎತ್ತಿಕೊಂಡ. ಮಾತು ಬೇರೆ ಕಡೆ ಹೋಯಿತು. ಮೂರು ವರ್ಷದಿಂದ ಒಂದು ಭಾನುವಾರ ತಪ್ಪಿಸಿಲ್ಲ ನಾನು. ಮಧ್ಯದಲ್ಲಿ ಆಡುತ್ತೇನೆ, ಮೈದಾನದ ನಟ್ಟನಡುವೆ.

ಮೂವತ್ತನೇ ತಾರೀಖು ಟೂರ್ನಮೆಂಟ್. ಹೊಸ ಜೆರ್ಸಿ ಬರುತ್ತದಂತೆ. ಬೆನ್ನ ಮೇಲೆ ನಮ್ಮ ನಮ್ಮ ಹೆಸರಲ್ಲ — ಯಾರ ಥರ ಆಡುತ್ತೇವೋ ಅವರ ಹೆಸರು. ಕ್ಯಾಪ್ಟನ್‌ನ ಐಡಿಯಾ. ಮುಂದಿನ ವಾರದೊಳಗೆ ಗ್ರೂಪಿಗೆ ಕಳಿಸಬೇಕು.

ಮೈಕಣ್ಣ ಎಂದಿನಂತೆ ಸಿಮೆಂಟ್ ಬೆಂಚಿನ ಮೇಲೆ ನಮ್ಮ ಬ್ಯಾಗು, ಮೊಬೈಲು ಕಾಯುತ್ತ ಕೂತಿದ್ದರು. ಮೈದಾನದ ಎದುರಿನ ಸಲೂನು ಅವರದು. ಒಂದು ಕಾಲದಲ್ಲಿ ಇಲ್ಲಿಯ ಟೂರ್ನಮೆಂಟಿಗೆಲ್ಲ ಕಾಮೆಂಟರಿ ಅವರದೇ, ಅದಕ್ಕೇ ಆ ಹೆಸರು. ಒಂಬತ್ತು ವರ್ಷದ ಹಿಂದೆ ಹಲ್ಲು ಪೂರಾ ಹೋದವು, ಮೈಕು ಬಿಟ್ಟರು. ಈಗಲೂ ಬಾಯಿ ತೆರೆದರೆ ಕಾಮೆಂಟರಿಯ ಭಾಷೆಯೇ, ಪುಸ್ತಕ ಓದಿದ ಹಾಗೆ. ಆದರೆ ಅರ್ಧ ಮಾತು, ಅರ್ಧ ಗಾಳಿ.

ಜೂನ್ 3, ಸೋಮವಾರ. ಸಂಜೆ 7

ಇವತ್ತು ಕಟ್ಟುಹಲ್ಲಿನ ನಾಲ್ಕು ಸೆಟ್. ಎರಡು ಪೂರ್ತಿ, ಎರಡು ಮೇಲಿನದು ಮಾತ್ರ. ಮೇಣದಲ್ಲಿ ಹಲ್ಲು ಕೂರಿಸಿ ಕೂರಿಸಿ ಕಣ್ಣು ಉರಿ. ಡಾಕ್ಟರಮ್ಮ ಕ್ಲಿನಿಕ್ಕಿನಿಂದ ಒಳಗೆ ಬಂದು ಹೋದ ವಾರದ ಸೆಟ್ ಬಗ್ಗೆ ಹೇಳಿದರು — 'ಆ ಮೇಷ್ಟ್ರ ಹೆಂಡ್ತಿಗೇ ಗೊತ್ತಾಗ್ಲಿಲ್ವಂತೆ, ಕಟ್ಟಿಸಿದ ಹಲ್ಲು ಅಂತ. ಅದು ಕೆಲ್ಸ ಅಂದ್ರೆ.' ಖುಷಿಯಾಯಿತು. ಆ ಮೇಷ್ಟ್ರನ್ನು ನಾನು ನೋಡಿಲ್ಲ. ನೋಡಿದ್ದು ಪ್ಲಾಸ್ಟರಿನಲ್ಲಿ ಅವರ ದವಡೆ, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ನಂಬರು. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ನನ್ನ ಹಲ್ಲು ಹಾಕಿಕೊಂಡ ಮುಖ ಒಂದನ್ನೂ ಕಂಡಿಲ್ಲ.

ಗ್ರೂಪಿನಲ್ಲಿ ಕ್ಯಾಪ್ಟನ್ ಲಿಸ್ಟ್ ಹಾಕಿದ್ದಾನೆ. ಹದಿನಾಲ್ಕು ಜನ. ನಾನು ಹನ್ನೊಂದನೆಯವನು. 'ಹಲ್ಲು ಲ್ಯಾಬ್' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾನೆ. ಉಳಿದ ಹದಿಮೂರೂ ಭರ್ತಿ. ಗೋಲ್‌ಕೀಪರಿಗೆ ಎರಡು ಹೆಸರು ಸೂಚಿಸಿ ಜಗಳವೇ ಆಗಿದೆ.

ಜೂನ್ 5, ಬುಧವಾರ. ರಾತ್ರಿ ಊಟಕ್ಕೆ ಮೊದಲು

ಹೆಂಡತಿಯ ಫೋನ್. ಎತ್ತಿದ ಕೂಡಲೇ 'ಎಲ್ಲಿದ್ದೀರಿ?' ಯಾವಾಗಲೂ ಮೊದಲು ಅದೇ ಕೇಳುವುದು. 'ಮನೆ' ಎಂದೆ.

ಅವಳು ಅಕ್ಕನ ಆಪರೇಷನ್ ಎಂದು ಹೋದವಳು. ಒಂದು ತಿಂಗಳಿಗೆ ಎಂದಿದ್ದಳು, ಹದಿನಾಲ್ಕು ತಿಂಗಳಾಯಿತು. ಜಗಳ ಅಂತ ಏನೂ ಆಗಿರಲಿಲ್ಲ. ಮಕ್ಕಳಿಲ್ಲ, ಎಳೆದು ತರುವುದಕ್ಕೆ ನೆಪವೂ ಇಲ್ಲ. ಅಲ್ಲಿ ಶಾಲೆಯೊಂದರ ಲೈಬ್ರರಿಯಲ್ಲಿ ತಾತ್ಕಾಲಿಕವಾಗಿ ಸೇರಿದ್ದಳು. ಈಗ ಕಾಯಂ ಮಾಡುತ್ತಾರಂತೆ. ಜುಲೈ ಒಂದಕ್ಕೆ ಸಹಿ.

'ಸಹಿ ಹಾಕಿದ್ರೆ ಇಲ್ಲೇ ಉಳ್ಕೊಂಡ ಹಾಗೆ. ನೀವು ಏನಾದ್ರೂ ಹೇಳೋದಿದ್ರೆ ಅಷ್ಟರೊಳಗೆ ಹೇಳಿ.'

'ಸರಿ.'

'ಸರಿ ಅಂದ್ರೆ?'

'ನಿನ್ನಿಷ್ಟ.'

ಅವಳ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು. ಆಮೇಲೆ ಕಿಟಕಿ ಪರದೆ ಒಗೆಯಲು ಹಾಕಿದ್ದೀರಾ ಎಂದು ಕೇಳಿ ಇಟ್ಟಳು.

ಹೋಗುವ ಹಿಂದಿನ ದಿನ ಒಂದು ಮಾತು ಹೇಳಿದ್ದಳು. ಸಿಟ್ಟಿನಿಂದಲ್ಲ, ಸೂಟ್‌ಕೇಸಿಗೆ ಬಟ್ಟೆ ಮಡಿಸಿಡುತ್ತ. 'ನೀವು ಮನೇಲಿದ್ದೀರೋ ಇಲ್ವೋ ಅಂತ ಚಪ್ಪಲಿ ನೋಡಿ ತಿಳ್ಕೋತೀನಿ ನಾನು.' ನಾನು ನಕ್ಕಿದ್ದೆ. ನಗುವ ಮಾತು ಎಂದೇ ತಿಳಿದಿದ್ದೆ.

ಜೂನ್ 7, ಶುಕ್ರವಾರ

ವಿಡಿಯೋ ನೋಡುವುದೇ ಕೆಲಸವಾಗಿದೆ. ಬ್ರೆಡ್ಡು ಮೊಟ್ಟೆ ತಟ್ಟೆಯಲ್ಲಿ, ಮೊಬೈಲು ಲೋಟಕ್ಕೆ ಒರಗಿಸಿ. ಒಬ್ಬೊಬ್ಬ ಮಿಡ್‌ಫೀಲ್ಡರನ್ನೂ ನೋಡಿದೆ. ಯಾರೂ ನಾನಲ್ಲ. ಎತ್ತರದವರು ಕೈ ಎತ್ತಿ ಚೆಂಡು ಕೇಳುತ್ತಾರೆ, ಗಿಡ್ಡದವರು ಕೂಗಿ ಕೇಳುತ್ತಾರೆ. ನಾನು ಹೇಗೆ ಆಡುತ್ತೇನೆ ಎಂದು ನನಗೇ ಗೊತ್ತಿಲ್ಲ, ಇನ್ನು ಕ್ಯಾಪ್ಟನ್‌ಗೆ ಹೇಗೆ ಗೊತ್ತಾಗಬೇಕು. ಖಾಲಿ ಬೆನ್ನಿನಲ್ಲೇ ಆಡಿದರೂ ನಡೆಯುತ್ತದೆ. ಆದರೆ ಹದಿಮೂರು ಜನರ ನಡುವೆ ಒಂದೇ ಖಾಲಿ ಬೆನ್ನು ಎದ್ದು ಕಾಣುತ್ತದೆ.

ಜೂನ್ 9, ಭಾನುವಾರ. 11.15

ಸಾಕ್ಸ್ ಕೂಡ ಬಿಚ್ಚದೆ ಬರೆಯುತ್ತಿದ್ದೇನೆ. ಇರಲಿ.

ಹಾಫ್‌ಟೈಮ್. ಬೆಂಚಿನ ಹಿಂದೆ ಕೂತು ಲೇಸು ಕಟ್ಟುತ್ತಿದ್ದೆ. ನಾನಿರುವುದು ಮುಂದಿನವರಿಗೆ ಗೊತ್ತಿಲ್ಲ. ಕ್ಯಾಪ್ಟನ್ ಮೈಕಣ್ಣನನ್ನು ಕೇಳಿದ, 'ಆ ಹನ್ನೊಂದನೇ ನಂಬರಿಗೆ ಏನು ಹೆಸರು ಹಾಕ್ಸಲಿ? ನಂಗಂತೂ ಒಂದೂ ಹೊಳೀತಿಲ್ಲ.'

ಮೈಕಣ್ಣ ಸ್ವಲ್ಪ ಯೋಚಿಸಿದರು. 'ಆತನೇ? ಆತ ಕಾಂತೆ ಆಡುತ್ತಾನೆ.'

'ಅದು ನಿಜ' ಎಂದು ಕ್ಯಾಪ್ಟನ್ ನಕ್ಕ.

ಕಾಂತೆ. ನಾನು ತಲೆ ಎತ್ತಲಿಲ್ಲ. ಲೇಸಿಗೆ ಮೂರು ಗಂಟು ಹಾಕಿದೆ. ಸೆಕೆಂಡ್ ಹಾಫಿನಲ್ಲಿ ಕಾಲು ನೆಲಕ್ಕೇ ತಾಗಲಿಲ್ಲ.

ಅದೇ ದಿನ. ಸಂಜೆ 6

ಟೀವಿಯವರು ಆ ಮಿಡ್‌ಫೀಲ್ಡರನನ್ನು ಕಾಂಟೆ ಎನ್ನುತ್ತಾರೆ. ಅವನ ದೇಶದ ಕಾಮೆಂಟರಿಯಲ್ಲಿ ಕೇಳಿದೆ — ಕಾಂತೆ, ಮೆತ್ತಗೆ. ಮೈಕಣ್ಣ ಸರಿಯಾಗಿಯೇ ಹೇಳಿದ್ದಾರೆ. ಹಳೆಯ ಕಾಮೆಂಟೇಟರ್ ಅಲ್ಲವೇ.

ಹನ್ನೆರಡು ವಿಡಿಯೋ ನೋಡಿದೆ. ಗಿಡ್ಡ ಆಳು, ನನ್ನ ಹಾಗೇ. ಮಾತಿಲ್ಲ, ಕೈ ಬೀಸುವುದಿಲ್ಲ. ಎಲ್ಲಿ ನೋಡಿದರೂ ಅವನೇ, ಆದರೆ ಗೋಲ್ ಹೊಡೆದವನ ಫೋಟೋದಲ್ಲಿ ಅವನಿಲ್ಲ. ವಿಶ್ವಕಪ್ ಗೆದ್ದ ದಿನ ಕಪ್ ಕೈಗೆ ತೆಗೆದುಕೊಳ್ಳಲು ನಾಚಿಕೊಂಡು ಹಿಂದೆ ನಿಂತಿದ್ದನಂತೆ, ಜೊತೆಯವರೇ ತಂದು ಹಿಡಿಸಿದರಂತೆ. ಓದಿ ಕಣ್ಣು ತುಂಬಿತು. ಹುಚ್ಚು. ನಲವತ್ನಾಲ್ಕು ವಯಸ್ಸಿಗೆ.

ಮೂರು ವರ್ಷ ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದೆ. ಒಬ್ಬರು ನೋಡುತ್ತಿದ್ದರು.

ಜೂನ್ 10, ಸೋಮವಾರ

ಬೆಳಿಗ್ಗೆಯೇ ಗ್ರೂಪಿಗೆ ಹಾಕಿದೆ. '11 — ಕಾಂತೆ.' ಇಷ್ಟು ವರ್ಷದಲ್ಲಿ ನಾನು ಹಾಕಿದ ಮೂರನೇ ಮೆಸೇಜು. ಕ್ಯಾಪ್ಟನ್ ಹೆಬ್ಬೆರಳು ತೋರಿಸಿದ. ಮೆಡಿಕಲ್ ಶಾಪಿನವನು ಬರೆದ — 'ಕಾಂತೆ ಅಂದ್ರೆ ಹೆಂಡ್ತಿ ಅಲ್ವಾ ಗುರು? ಹಳೇ ಕಾಲದ ಮಾತಲ್ಲಿ.' ನಗುವ ಮುಖ ಆರು. ಉತ್ತರ ಕೊಡಲಿಲ್ಲ. ಕಾಂತೆ ಆಗಿದ್ದರೆ ಅವನೂ ಕೊಡುತ್ತಿರಲಿಲ್ಲ.

ಜೂನ್ 12, ಬುಧವಾರ. ಸಂಜೆ 6.30

ಸಲೂನಿಗೆ ಹೋದೆ. ಕೂದಲು ಅಷ್ಟೇನೂ ಬೆಳೆದಿರಲಿಲ್ಲ. ಮೈಕಣ್ಣ ಕತ್ತಿನ ಸುತ್ತ ಬಟ್ಟೆ ಕಟ್ಟಿದ ಮೇಲೆ ಕನ್ನಡಿ ನೋಡಿಕೊಂಡೇ ಹೇಳಿದೆ. 'ನಿಮಗೆ ಹಲ್ಲು ಮಾಡ್ಕೊಡ್ತೀನಿ ಮೈಕಣ್ಣ. ಡಾಕ್ಟರಮ್ಮನ ಹತ್ರ ಕೇಳಿದ್ದೀನಿ, ಅಳತೆ ಅವರು ತಗೋತಾರೆ.'

ಕತ್ತರಿ ನಿಂತಿತು. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ, ಈಗ ಎರಡೂ ಇಲ್ಲದೆ ಅಭ್ಯಾಸವಾಗಿದೆ ಎಂಬಂತೆ ಏನೋ ಹೇಳಿದರು. ಅರ್ಧ ಊಹಿಸಿಕೊಂಡೆ. ಮತ್ತೆ ಕೇಳಿದರು, 'ಏಕೆ?'

ನೀವು ನನ್ನನ್ನು ನೋಡಿದಿರಿ, ಅದಕ್ಕೆ. ಅಂತ ಹೇಳಬೇಕಿತ್ತು. 'ಸುಮ್ನೆ' ಎಂದೆ.

ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಆಮೇಲೆ, ಟೂರ್ನಮೆಂಟಿನ ಹೊತ್ತಿಗೆ ಆಗುತ್ತದೆಯೇ ಎಂದರು. ಆಸೆ ಇದೆ ಮನುಷ್ಯನಿಗೆ.

ಜೂನ್ 14, ಶುಕ್ರವಾರ

ಮೈಕಣ್ಣನ ದವಡೆ ನನ್ನ ಮೇಜಿನ ಮೇಲಿದೆ. ಪ್ಲಾಸ್ಟರ್ ಇನ್ನೂ ಬೆಚ್ಚಗಿತ್ತು, ಅಂಗೈಯಲ್ಲಿ ಹಿಡಿದು ನೋಡಿದೆ. ಕೆಳಗಿನ ವಸಡು ಸವೆದು ದಾರದಷ್ಟಾಗಿದೆ. ಹಲ್ಲು ನಿಲ್ಲಿಸುವುದು ಕಷ್ಟ. ನಂಬರು ಬರೆಯಬೇಕಾದ ಕಡೆ 'ಮೈಕಣ್ಣ' ಎಂದು ಬರೆದೆ. ಬಣ್ಣ ಸ್ವಲ್ಪ ಹಳದಿಯದೇ ಆರಿಸಿದೆ. ಎಪ್ಪತ್ತರ ಬಾಯಲ್ಲಿ ಹಾಲಿನ ಹಲ್ಲು ಹೊಳೆದರೆ ನೋಡಿದವರು ನಗುತ್ತಾರೆ.

ಜೂನ್ 16, ಭಾನುವಾರ. 10.30

ಓಡಿದೆ. ಎಷ್ಟು ಎಂದರೆ ಎರಡು ಸಲ ವಾಂತಿ ಬಂದ ಹಾಗಾಯಿತು. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ. ಕಾಂತೆ ಹೀಗೇ ಓಡುವುದು. 1–0 ಗೆದ್ದೆವು. ಗೋಲ್ ಮೆಸ್ಸಿಯದು, ಅವನ ಹೊಟ್ಟೆಗೆ ತಾಗಿ ಒಳಗೆ ಹೋಯಿತು.

ಚೆಂಡು ನನ್ನ ಕಾಲಿಗೆ ಎಷ್ಟು ಸಲ ಬಂತು ಎಂದು ಈಗ ಎಣಿಸಿದೆ. ನಾಲ್ಕು. ಅದರಲ್ಲಿ ಒಂದು ಥ್ರೋ. ಇರಲಿ, ಕಾಂತೆಯ ಕೆಲಸ ಚೆಂಡು ಇಟ್ಟುಕೊಳ್ಳುವುದಲ್ಲ.

ಮುಗಿದ ಮೇಲೆ ಯಾರೂ ಏನೂ ಹೇಳಲಿಲ್ಲ. ಕ್ಯಾಷಿಯರ್ ಮಾತ್ರ 'ಇವತ್ತು ಬಂದಿದ್ಯಾ ನೀನು' ಎಂದ. ತಮಾಷೆಗೋ ಏನೋ.

ಜೂನ್ 18, ಮಂಗಳವಾರ

ಅವಳ ಮೆಸೇಜು. 'ಯೋಚನೆ ಮಾಡಿದ್ರಾ?'

ಬರೆದೆ, ಅಳಿಸಿದೆ. ಬರೆದೆ, ಅಳಿಸಿದೆ. ಕೊನೆಗೆ ಹೆಬ್ಬೆರಳು ಕಳಿಸಿದೆ. ಯೋಚನೆ ಮಾಡಿದ್ದೇನೆ ಎಂಬರ್ಥದಲ್ಲಿ. ಅವಳು ಯಾವ ಅರ್ಥದಲ್ಲಿ ತೆಗೆದುಕೊಂಡಳೋ. ಮತ್ತೆ ಬರಲಿಲ್ಲ.

ಜೂನ್ 20, ಗುರುವಾರ. ಮಧ್ಯಾಹ್ನ 2

ಮೇಣದ ಹಲ್ಲು ಮೈಕಣ್ಣನ ಬಾಯಿಗಿಟ್ಟು ನೋಡುವ ದಿನ. ಡಾಕ್ಟರಮ್ಮ ನನ್ನನ್ನೂ ಕರೆದರು. 'ಬನ್ನಿ, ನಿಮ್ಮವರೇ ಅಲ್ವಾ.' ಮೊದಲ ಸಲ ಕ್ಲಿನಿಕ್ಕಿನ ಕಡೆಯ ಬಾಗಿಲು ದಾಟಿದೆ. ಕೈ ಎಲ್ಲಿಡಬೇಕೋ ತಿಳಿಯದೆ ಏಪ್ರನ್ ಜೇಬಿಗೆ ತುರುಕಿಕೊಂಡೆ.

ಅರವತ್ತರಿಂದ ಎಪ್ಪತ್ತರವರೆಗೆ ಎಣಿಸಲು ಹೇಳಿದರು. 'ತ' ಸರಿಯಿದೆ. 'ದ' ಎಲ್ಲೋ ಜಾರುತ್ತಿದೆ. 'ದ' ಹೇಳುವಾಗ ನಾಲಗೆ ಹೋಗಿ ಮುಂದಿನ ಹಲ್ಲಿನ ಹಿಂಬದಿಗೆ ತಾಗಬೇಕು. ಹಲ್ಲು ಒಂದು ಕೂದಲೆಳೆ ಮುಂದಿದ್ದರೂ ಗಾಳಿ ನುಸುಳುತ್ತದೆ. ಸೆಟ್ ಒಳಗೆ ತಂದು, ಮೇಣ ಕಾಯಿಸಿ, ಎರಡು ಹಲ್ಲು ಅರ್ಧ ಮಿಲಿಮೀಟರ್ ಹಿಂದಕ್ಕೆ ಒತ್ತಿದೆ. ಮತ್ತೆ ಹಾಕಿದರು.

'ದನ, ದಾರ, ದೀಪ' ಎಂದರು ಮೈಕಣ್ಣ. ಗಂಟೆ ಹೊಡೆದ ಹಾಗಿತ್ತು. ಡಾಕ್ಟರಮ್ಮ ನನ್ನ ಕಡೆ ತಿರುಗಿ ತಲೆ ಆಡಿಸಿದರು.

ಜೂನ್ 22, ಶನಿವಾರ. ಸಂಜೆ 7

ಹಲ್ಲು ತಯಾರು. ಮಧ್ಯಾಹ್ನ ಹಾಕಿಸಿಕೊಂಡು ಹೋದರಂತೆ, ನಾನು ಪಾಲಿಶ್ ಮೆಷಿನ್ ಹತ್ತಿರ ಇದ್ದೆ, ನೋಡಲಾಗಲಿಲ್ಲ. ನಾಳೆ ಮೈದಾನದಲ್ಲಿ ನೋಡಬಹುದು.

ಜೆರ್ಸಿಯೂ ಬಂತು. ಕ್ಯಾಪ್ಟನ್ ಅಂಗಡಿಗೆ ಹೋಗಿ ತಂದೆ. ನೀಲಿ ಬಟ್ಟೆ, ಬಿಳಿ ಅಕ್ಷರ. ಕಾಂತೆ. ಕೆಳಗೆ 11. ಮನೆಗೆ ಬಂದು ಕುರ್ಚಿಯ ಬೆನ್ನಿಗೆ ತೊಡಿಸಿದೆ. ಮನೆಯಲ್ಲಿ ಇನ್ನೊಬ್ಬರು ಕೂತಿರುವ ಹಾಗೆ. ಅಡುಗೆಮನೆಯಿಂದ ಎರಡು ಸಲ ಇಣುಕಿ ನೋಡಿದೆ.

ಫೋಟೋ ತೆಗೆದೆ, ಅವಳಿಗೆ ಕಳಿಸೋಣ ಎಂದು. ಅವಳಿಗೆ ಕಾಂತೆ ಯಾರೆಂದು ಗೊತ್ತಿಲ್ಲ. ವಿವರಿಸಬೇಕಾಗುತ್ತದೆ. ಕಳಿಸಲಿಲ್ಲ.

ಜೂನ್ 23, ಭಾನುವಾರ

ಆಡಿ ಬಂದೆ. 2–2. ಇವತ್ತು ಬರೆಯುವುದಿಲ್ಲ.

ಜೂನ್ 27, ಗುರುವಾರ. ಸಂಜೆ 6.15

ನಾಲ್ಕು ದಿನ ಆಯಿತು. ಬರೆದು ಮುಗಿಸಿಬಿಡುತ್ತೇನೆ.

ಭಾನುವಾರ ಮೈಕಣ್ಣ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಬಾಯಿಗೆ ಕೈ ಅಡ್ಡ ಇಲ್ಲ. ಮುಖ ತುಂಬಿಕೊಂಡಿದೆ, ಹತ್ತು ವರ್ಷ ಕಡಿಮೆಯಾಗಿದೆ. ಎಲ್ಲರೂ ಸುತ್ತ ನಿಂತು 'ಬಾಯಿ ತೆಗೀರಿ, ತೆಗೀರಿ' ಎನ್ನುತ್ತಿದ್ದರು. ನಾನು ಮಾಡಿದ ಹಲ್ಲು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ನಿಂತು ನೋಡಿದೆ. ಆ ಒಂದು ನಿಮಿಷ ಚೆನ್ನಾಗಿತ್ತು.

ಆಮೇಲೆ ನಾನು ತಿರುಗಿದೆ. ಬೆನ್ನು ಕಂಡಿತು.

'ಕಾಂತೆ?' ಎಂದರು ಮೈಕಣ್ಣ. ಪ್ರತಿ ಅಕ್ಷರ ಸ್ಪಷ್ಟ. 'ಇದೇನಯ್ಯ, ಬೆನ್ನಿನ ಮೇಲೆ ಹೆಂಡತಿಯನ್ನು ಬರೆಸಿಕೊಂಡಿದ್ದೀಯೆ?'

ಎಲ್ಲರೂ ನಕ್ಕರು. ಮೆಡಿಕಲ್ ಶಾಪಿನವನು 'ನಾನು ಅವತ್ತೇ ಹೇಳ್ದೆ' ಎಂದ. ನಾನೂ ನಕ್ಕೆ. 'ಆಟಗಾರ ಮೈಕಣ್ಣ, ಕಾಂತೆ. ನೀವೇ ಹೇಳಿದ್ರಲ್ಲ ಅವತ್ತು, ಕ್ಯಾಪ್ಟನ್ ಹತ್ರ. ಬೆಂಚಿನ ಹಿಂದೆ ಇದ್ದೆ ನಾನು.'

'ನಾನು ಹೇಳಿದೆನೇ?'

'ಆತ ಕಾಂತೆ ಆಡುತ್ತಾನೆ ಅಂತ.'

ಕ್ಯಾಪ್ಟನ್ ಮುಖ ನೆಲದ ಕಡೆ ಹೋಯಿತು. ನನಗೆ ಆಗಲೇ ಅರ್ಥವಾಗಬೇಕಿತ್ತು. ಮೈಕಣ್ಣ ನೆನಪಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು, ನನ್ನ ಅರ್ಧ ಮಿಲಿಮೀಟರಿನ ಹಲ್ಲಿಗೆ ನಾಲಗೆ ತಾಗಿಸಿ — 'ಕಾಣದಂತೆ. ಆತ ಕಾಣದಂತೆ ಆಡುತ್ತಾನೆ, ಎಂದೆ.'

ಅವತ್ತು ಗಾಳಿಯಲ್ಲಿ ಹೋಗಿದ್ದ ಆ 'ದ' ಎಷ್ಟು ಚೆನ್ನಾಗಿ ಬಂತು. ಅದನ್ನೇ ಯೋಚಿಸುತ್ತ ನಿಂತಿದ್ದೆ ನಾನು, ಪೆದ್ದನ ಹಾಗೆ. ನೋಡಿದರೆ ಅವರು 'ಥರ' ಎಂದೇ ಇರಲಿಲ್ಲ ಅವತ್ತು. 'ಕಾಂತೆ ಥರ ಆಡುತ್ತಾನೆ' ಅಂದಿದ್ದರೆ ಸರಿ. ಆ 'ಥರ' ನಾನೇ ಸೇರಿಸಿಕೊಂಡದ್ದು.

ಯಾರೂ ನಗಲಿಲ್ಲ ಆಗ. ನಕ್ಕಿದ್ದರೆ ವಾಸಿಯಿತ್ತು. ಕ್ಯಾಪ್ಟನ್ 'ನೀನೇ ಕಳ್ಸಿದ್ಯಲ್ಲ, ಅದಕ್ಕೇ ಹಾಕಿಸ್ದೆ' ಎಂದು ಗೊಣಗಿ ಚೆಂಡು ಎತ್ತಿಕೊಂಡು ಹೋದ. ಅವನ ತಪ್ಪೇನಿದೆ.

ಆಟ ಮುಗಿದು ಎಲ್ಲರೂ ಹೋದ ಮೇಲೆ ಬೂಟು ಬಿಚ್ಚುತ್ತ ಕೂತಿದ್ದೆ. ಮೈಕಣ್ಣ ಹೋಗಿರಲಿಲ್ಲ. ಪಕ್ಕದಲ್ಲಿ ಬಂದು ಕೂತರು.

'ಬೇಸರವಾಯಿತೇ?'

'ಇಲ್ಲ ಬಿಡಿ. ಹೊಗಳಿದ್ದು ಅಂದ್ಕೊಂಡಿದ್ದೆ.'

'ಹೊಗಳಿದ್ದಲ್ಲ. ಬೈದದ್ದೂ ಅಲ್ಲ, ಕಂಡದ್ದು ಹೇಳಿದೆ. ನಿನ್ನಷ್ಟು ಓಡುವವರು ಈ ತಂಡದಲ್ಲಿ ಒಬ್ಬರೂ ಇಲ್ಲ. ಆದರೆ ನಮ್ಮವರ ಹತ್ತಿರ ಚೆಂಡು ಬಂತೋ, ನೀನು ಹೋಗಿ ಎದುರಾಳಿಯ ಬೆನ್ನ ಹಿಂದೆ ನಿಲ್ಲುತ್ತೀಯೆ. ಚೆಂಡು ತಲುಪದ ಜಾಗ ಹುಡುಕಿ ಹುಡುಕಿ ಓಡುತ್ತೀಯೆ. ಹೊರಗಿನವರಿಗೆ ಅದು ದುಡಿಮೆಯ ಹಾಗೆ ಕಾಣುತ್ತದೆ. ನಾನು ಮೂವತ್ತು ವರ್ಷ ಮೈಕು ಹಿಡಿದವನು, ನನಗೆ ಕಾಣುತ್ತದೆ. ಮೂರು ವರ್ಷದಲ್ಲಿ ಒಂದು ಸಲ ನೀನು "ಇಲ್ಲಿ" ಎಂದು ಕೂಗಿದ್ದು ಕೇಳಿಲ್ಲ.'

'ಕೊಟ್ರೆ ಆಡ್ತೀನಿ.'

'ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಕಣಯ್ಯ.'

ಬೂಟಿನ ಮಣ್ಣು ಕೆರೆಯುತ್ತಿದ್ದೆ. ಕೆರೆದದ್ದೇ ಕೆರೆದೆ. ಚೆಂಡು ಬಂದರೆ ಏನಾಗುತ್ತದೆ ಎಂದು ಕೇಳಿದರು. ತಪ್ಪಿ ಹೋದರೆ ಎಲ್ಲರಿಗೂ ಕಾಣುತ್ತದಲ್ಲ ಎಂದೆ. ಸಲೂನಿನ ಬೀಗದ ಕೈ ತೆಗೆದುಕೊಂಡು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿ, 'ಹಲ್ಲು ಬಹಳ ಚೆನ್ನಾಗಿದೆ. ಇದು ಯಾರು ಮಾಡಿದ್ದು ಎಂದು ಕೇಳುವವರಿಗೆಲ್ಲ ನಿನ್ನ ಹೆಸರು ಹೇಳುತ್ತಿದ್ದೇನೆ' ಎಂದರು.

ಅವರಿಗೆ ನನ್ನ ಹೆಸರು ಗೊತ್ತಿದೆ.

ನಾಲ್ಕು ದಿನದಿಂದ ಚಪ್ಪಲಿ ನೋಡುತ್ತಿದ್ದೇನೆ. ಬಾಗಿಲ ಹತ್ತಿರ ಒಂದೇ ಜೊತೆ. ಅವಳು ಆ ಮಾತು ಹೇಳಿದ್ದು ನಗಿಸಲಿಕ್ಕಲ್ಲ. ಅವಳು ಕೇಳಿದಾಗೆಲ್ಲ ನಾನು ಯಾರದೋ ಬೆನ್ನ ಹಿಂದೆ ನಿಂತೆ. 'ನಿನ್ನಿಷ್ಟ' ಎನ್ನುವುದು ನಾನು ಕಂಡುಕೊಂಡ ಅತಿ ಒಳ್ಳೆಯ ಜಾಗ. ಹೆಂಡತಿಗೆ ಮರ್ಯಾದೆ ಕೊಟ್ಟ ಹಾಗೆ ಕಾಣುತ್ತದೆ. ಅಲ್ಲಿಗೆ ಯಾವ ಚೆಂಡೂ ಬರುವುದಿಲ್ಲ.

ಜೂನ್ 29, ಶನಿವಾರ. ರಾತ್ರಿ 8

ನಾಡಿದ್ದು ಸಹಿ.

ಮೂರು ಸಲ ನಂಬರು ತೆಗೆದೆ. ಏನು ಹೇಳುವುದೆಂದು ಲ್ಯಾಬಿನ ಚೀಟಿಯ ಹಿಂದೆ ಬರೆದುಕೊಂಡೆ. 'ಅಲ್ಲಿ ಕೆಲಸ ಚೆನ್ನಾಗಿದ್ದರೆ...' ಹರಿದೆ. 'ನೀನೇ ಯೋಚನೆ ಮಾಡಿ...' ಹರಿದೆ. ಮತ್ತೆ ಬೆನ್ನ ಹಿಂದೆ ಹೋಗುತ್ತಿದ್ದೇನೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಿದ್ದರು ಅಪ್ಪ, ಅದನ್ನು ಚೆನ್ನಾಗಿ ಪಾಲಿಸಿದ ಮಗ ನಾನು.

ಕೊನೆಯ ಚೀಟಿಯಲ್ಲಿ ಒಂದೇ ಮಾತು ಉಳಿಯಿತು. 'ಬಾ.' ಅದನ್ನು ಹರಿಯಲಿಲ್ಲ. ಫೋನೂ ಮಾಡಲಿಲ್ಲ.

ಜೂನ್ 30, ಭಾನುವಾರ. ಮಧ್ಯಾಹ್ನ 1.20

3–0 ಸೋತೆವು. ಮೊದಲ ಸುತ್ತಿನಲ್ಲೇ ಮನೆಗೆ.

ಜೆರ್ಸಿ ಹಾಕಿಕೊಂಡೇ ಹೋದೆ. ಬೇರೆ ಇರಲಿಲ್ಲ. ಎದುರು ತಂಡದವರು ಓದಿ ಕಿಸಕ್ಕೆಂದರು, 'ಏ, ಹೆಂಡ್ತಿಯವರು ಬಂದ್ರು' ಎಂದರು. ಇರಲಿ.

ಮೈಕು ಮೈಕಣ್ಣನ ಕೈಯಲ್ಲಿತ್ತು, ಒಂಬತ್ತು ವರ್ಷದ ಮೇಲೆ. ಮೈದಾನದ ನಾಲ್ಕೂ ಮೂಲೆಗೆ ಆ ದನಿ. 'ಚೆಂಡು ಈಗ ಎಡಬದಿಯಲ್ಲಿ, ಮೆಸ್ಸಿಯವರ ಬಳಿ, ಮೆಸ್ಸಿಯವರಿಗೆ ಏದುಸಿರು ಬಂದಿದೆ.' ಜನ ಬಿದ್ದು ಬಿದ್ದು ನಕ್ಕರು. ಹಾಫ್‌ಟೈಮಿನ ತನಕ ನನ್ನ ಹೆಸರು ಒಂದು ಸಲವೂ ಬರಲಿಲ್ಲ. ಬರುವ ಹಾಗೆ ನಾನೂ ಏನೂ ಮಾಡಿರಲಿಲ್ಲ.

ಸೆಕೆಂಡ್ ಹಾಫ್. ಕ್ಯಾಷಿಯರ್ ಹತ್ತಿರ ಚೆಂಡು. ನನ್ನ ಕಾಲು ತಾನಾಗಿಯೇ ಎದುರಾಳಿಯ ಬೆನ್ನ ಹಿಂದೆ ಹೋಗುತ್ತಿತ್ತು — ಆಗ ಗೊತ್ತಾಯಿತು ನನಗೆ, ಹೋಗುವಾಗಲೇ, ಮೊದಲ ಸಲ. ನಿಂತೆ. ಪಕ್ಕಕ್ಕೆ ಸರಿದೆ. ಬಯಲಿಗೆ. ಸುತ್ತ ಹತ್ತು ಗಜ ಯಾರೂ ಇಲ್ಲ. ಚಳಿಯಾದ ಹಾಗಾಯಿತು.

'ಇಲ್ಲಿ.'

ದನಿ ಹೊರಡಲೇ ಇಲ್ಲ. ಮತ್ತೆ ಕೂಗಿದೆ, 'ಇಲ್ಲಿ! ನಂಗೆ ಕೊಡು!' ಕ್ಯಾಷಿಯರ್ ಬೆಚ್ಚಿಬಿದ್ದು ನೋಡಿದ, ಯಾರಿವನು ಅನ್ನುವ ಹಾಗೆ. ಕೊಟ್ಟ. ಚೆಂಡು ನೆಟ್ಟಗೆ ನನ್ನ ಕಾಲಿಗೆ. ಮುಂದೆ ಗೋಲ್ ಕಾಣುತ್ತಿದೆ, ಎಲ್ಲರ ಕಣ್ಣೂ ನನ್ನ ಮೇಲೆ. ಒದ್ದೆ.

ಗೋಲ್ ಕಂಬದ ಮೇಲೆ ಹಾದು, ಕಾಂಪೌಂಡು ದಾಟಿ, ಸಲೂನಿನ ಶಟರಿಗೆ ಬಡಿಯಿತು. ಧಡಾರ್ ಎಂದಿತು. ಇಡೀ ಮೈದಾನ ಗೊಳ್ಳೆಂದಿತು. ನೆಲ ಬಾಯಿ ಬಿಡಬಾರದೇ ಎನ್ನುವುದು ಇದಕ್ಕೇ.

ಮೈಕು ಹಿಡಿದೇ ಮೈಕಣ್ಣ ಶಟರಿನ ಕಡೆ ತಿರುಗಿ ನೋಡಿದರು. ಆಮೇಲೆ — 'ಚೆಂಡು ಹೊರಗೆ. ನನ್ನ ಅಂಗಡಿಗೆ ಪೆಟ್ಟು. ಆದರೆ ಹನ್ನೊಂದನೇ ನಂಬರಿನ ಆಟಗಾರ ಚೆಂಡನ್ನು ಕೇಳಿದರು, ಮಹನೀಯರೇ. ಕೇಳಿದ್ದು ಇಲ್ಲಿಯವರೆಗೆ ಕೇಳಿಸಿತು.'

ಸತ್ತೇನೂ ಹೋಗಲಿಲ್ಲ ನಾನು. ಎಲ್ಲರಿಗೂ ಕಂಡೆ, ತಪ್ಪಿತು, ನಕ್ಕರು, ಆಟ ಮುಂದುವರಿಯಿತು. ಇನ್ನೂ ಎರಡು ಸಲ ಕೇಳಿದೆ. ಒಂದು ಸಲ ಕೊಟ್ಟರು.

ಅದೇ ದಿನ. ಸಂಜೆ 5.40

ಸ್ನಾನ ಆಯಿತು. ಜೆರ್ಸಿ ಒಗೆದು ಹಗ್ಗಕ್ಕೆ ಹಾಕಿದ್ದೇನೆ. ಕಿಟಕಿಯಿಂದ ಬೆನ್ನು ಕಾಣುತ್ತಿದೆ. ಕಾಂತೆ. ಮೆಡಿಕಲ್ ಶಾಪಿನವನು ಹೇಳಿದ್ದು ಸರಿಯಾದ ಅರ್ಥವೇ, ಪದಕೋಶ ನೋಡಿದೆ.

ಅದರ ಫೋಟೋ ತೆಗೆದು ಅವಳಿಗೆ ಕಳಿಸಿದೆ, ಐದು ಗಂಟೆಗೆ. ಕೆಳಗೆ ಬರೆದೆ — 'ಇದು ಯಾಕೆ ಹೀಗೆ ಬರೆಸಿದೆ ಅಂತ ಹೇಳ್ಬೇಕು ನಿಂಗೆ. ಫೋನ್ ಮಾಡು.' ಓದಿದ್ದಾಳೆ. ನಲವತ್ತು ನಿಮಿಷವಾಯಿತು.

ಕಾಯುವುದು ಅಂದರೆ ಇದು. ಬಯಲಲ್ಲಿ ನಿಂತ ಹಾಗೆ. ನಾಳೆ ಸಹಿ ಹಾಕಿಯೂಬಿಡಬಹುದು, ಅದು ಅವಳ ಕೈಯಲ್ಲಿದೆ. ನಾನು ಕೇಳಿಯೇ ಇಲ್ಲ ಎಂದು ಮಾತ್ರ ಆಗಬಾರದು. ಚೀಟಿ ಎದುರಿಗಿಟ್ಟುಕೊಂಡಿದ್ದೇನೆ, ಒಂದಕ್ಷರದ ಚೀಟಿ, ಅದನ್ನೂ ಮರೆತರೆ ಎಂದು. ಪರದೆ ಒಗೆದಿದ್ದೀರಾ ಎಂದು ಕೇಳಿದರೆ ಒಗೆದಿಲ್ಲ ಎನ್ನುತ್ತೇನೆ, ನೀನು ಬಂದ ಮೇಲೆ ಎನ್ನು—

ಫೋನು. ಅವಳೇ.

ಎಲ್ಲಿದ್ದೀರಿ ಅಂತ ಕೇಳುತ್ತಾಳೆ ಮೊದಲು. ಮನೆ ಎನ್ನಬಾರದು. ಇಲ್ಲಿ ಎನ್ನಬೇಕು. ಇಲ್ಲಿದ್ದೀನಿ, ಇಲ್ಲೇ, ನೀನು—